ಸಹಾಯ ಬೇಕು: ಗರ್ಭದಲ್ಲೇ ಕಂಡ ಮೂತ್ರಪಿಂಡದ ಊತ, ಮುಂದಿನ ತಪಾಸಣೆ ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿಯೇ ನಮ್ಮ ಮಗನ ಎಡ ಮೂತ್ರಪಿಂಡದಲ್ಲಿ ಊತ ಕಂಡಿತ್ತು. ಹುಟ್ಟಿದ ಮರುದಿನದ ಸ್ಕ್ಯಾನಿಂಗ್‌ನಲ್ಲಿ ಅದು ಇಳಿದಂತೆ ತೋರಿದ್ದರಿಂದ ನಾವು ನಿಶ್ಚಿಂತರಾದೆವು. ಮೊದಲ 48 ಗಂಟೆಗಳಲ್ಲಿ ಶಿಶುವಿನ ಮೂತ್ರ ಕಡಿಮೆಯಿರುವುದರಿಂದ ಊತ ಇದ್ದುದಕ್ಕಿಂತ ಚಿಕ್ಕದಾಗಿ ಕಾಣಬಹುದೆಂದು ಆಗ ಯಾರೂ ತಿಳಿಸಲಿಲ್ಲ.

ಈಗ ಅವನಿಗೆ 4 ವರ್ಷ, ಎರಡು ಬಾರಿ ಜ್ವರದೊಂದಿಗೆ ಮೂತ್ರದ ಸೋಂಕಾಗಿದೆ. ಸೌಮ್ಯ ಊತ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆಯಾದರೂ, ಅಡಚಣೆಯಿದ್ದರೆ ಅಥವಾ ಮೂತ್ರ ಹಿಮ್ಮುಖವಾಗಿ ಹರಿಯುತ್ತಿದ್ದರೆ ಮೂತ್ರಪಿಂಡದಲ್ಲಿ ಕಲೆ ಉಳಿದು, ಮುಂದೆ ರಕ್ತದೊತ್ತಡ ಏರುವ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಸಾಧ್ಯತೆಯಿದೆಯಂತೆ. ವೈದ್ಯರು ಡಿಎಂಎಸ್‌ಎ ಸ್ಕ್ಯಾನ್ (ಮೂತ್ರಪಿಂಡದಲ್ಲಿ ಕಲೆ ಉಳಿದಿದೆಯೇ ಎಂದು ನೋಡುವ ಸ್ಕ್ಯಾನ್) ಬರೆದಿದ್ದಾರೆ.

ಅದು ಬಳ್ಳಾರಿ ಅಥವಾ ರಾಯಚೂರಿನಲ್ಲಿ ಆಗುತ್ತದೆಯೇ, ಬೆಂಗಳೂರಿಗೇ ಹೋಗಬೇಕೇ? ಇಂಥದೇ ತೊಂದರೆಯಿದ್ದ ಮಕ್ಕಳು ದೊಡ್ಡವರಾಗಿದ್ದರೆ, ಅವರ ರಕ್ತದೊತ್ತಡ ಮತ್ತು ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್‌ ಅನ್ನು ಎಷ್ಟು ತಿಂಗಳಿಗೊಮ್ಮೆ ನೋಡಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.