ನೇವಿ ಕಾಕಾರಿಗೆ ಪ್ರಶ್ನೆ: ಫಾಕ್‌ಲ್ಯಾಂಡ್ ಗಲಾಟೆ ಇನ್ನೂ ಯಾಕೆ ಮುಗಿದಿಲ್ಲ?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ; ಗುಜರಿ ವ್ಯಾಪಾರ):
ನಮಸ್ಕಾರ ಕಾಕಾ. ಮಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಅರ್ಜೆಂಟೀನಾದ ಜನ ಏಪ್ರಿಲ್ 2ರಂದು ಬಾವುಟ ಹಿಡಿದು ‘ಮಾಲ್ವಿನಾಸ್ ನಮ್ಮದು’ ಎಂದು ಕೂಗುತ್ತಿದ್ದರು. ಕೆಳಗೆ ಇಂಗ್ಲೆಂಡಿನವರು ‘ಅದು ಫಾಕ್‌ಲ್ಯಾಂಡ್, ನಮ್ಮದು’ ಎಂದು ಬೈದಿದ್ದರು. 1982ರಲ್ಲೇ ಯುದ್ಧ ಆಗಿ ಇತ್ಯರ್ಥ ಆಯ್ತಲ್ವಾ? ಮತ್ತೆ ಈಗೇನು? ನೀವು ಕೆಲಸ ಮಾಡಿದ ವಿರಾಟ್ ಹಡಗು ಅಲ್ಲಿಗೆ ಹೋಗಿತ್ತು ಅಂತ ಒಮ್ಮೆ ಹೇಳಿದ್ರಿ. ಇನ್ನೊಂದು ಮಾತು. ಆ ಯುದ್ಧ ಗುಜರಿಯವರಿಂದ ಶುರುವಾಯ್ತು ಎಂದು ಯಾರೋ ಬರೆದಿದ್ದರು. ನಿಜಾನಾ, ಸುಮ್ನೆ ನಮ್ಮ ಧಂದೆಯ ಮೇಲೆ ಹಾಕಿದ್ದಾ?

ಉತ್ತರ (ಸಿರುಗುಪ್ಪ, ನಿವೃತ್ತ ನೌಕಾಪಡೆ, ಎಂಜಿನ್ ವಿಭಾಗ):
ಗುಜರಿ ಮಾತು ಮೊದಲು ಮುಗಿಸೋಣ. ಅದು ನಿಜ. ದಕ್ಷಿಣ ಅಟ್ಲಾಂಟಿಕ್ ಕಡಲಲ್ಲಿ, ಅರ್ಜೆಂಟೀನಾದ ಪೂರ್ವಕ್ಕೆ, ಬ್ರಿಟಿಷರ ಹಿಡಿತದ ಫಾಕ್‌ಲ್ಯಾಂಡ್ ದ್ವೀಪಗಳಿವೆ; ಅರ್ಜೆಂಟೀನಾದವರು ಅದನ್ನೇ ಮಾಲ್ವಿನಾಸ್ ಅನ್ನುತ್ತಾರೆ. ಅಲ್ಲಿಂದ ಇನ್ನೂ ಪೂರ್ವಕ್ಕೆ ಸೌತ್ ಜಾರ್ಜಿಯಾ ಎಂಬ ಹಿಮದ ದ್ವೀಪ ಇದೆ, ಅದೂ ಬ್ರಿಟಿಷರ ಹಿಡಿತದ್ದೇ. ಅಲ್ಲಿ ತಿಮಿಂಗಿಲ ಬೇಟೆಯ ಕಾಲದ ಹಳೇ ಕಾರ್ಖಾನೆಗಳು ತುಕ್ಕು ಹಿಡಿದು ನಿಂತಿದ್ದವು. ಅದನ್ನು ಬಿಚ್ಚಿ ಮಾರಲು ಅರ್ಜೆಂಟೀನಾದ ವ್ಯಾಪಾರಿಯೊಬ್ಬ ಗುತ್ತಿಗೆ ಹಿಡಿದಿದ್ದ. 1982ರ ಮಾರ್ಚ್ 19ರಂದು ಅವನ ಆಳುಗಳು ಅಲ್ಲಿ ಇಳಿದರು. ಇಳಿದವರು ತಮ್ಮ ದೇಶದ ಬಾವುಟ ಏರಿಸಿದರು. ಬ್ರಿಟಿಷರು ತಕರಾರು ತೆಗೆದರು. ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 2ಕ್ಕೆ, ಅರ್ಜೆಂಟೀನಾದ ಸೈನ್ಯ ಫಾಕ್‌ಲ್ಯಾಂಡಿನಲ್ಲಿ ಇಳಿದಿತ್ತು. ಹಾಗಂತ ನಿಮ್ಮವರ ತಪ್ಪೇನಿಲ್ಲ, ಯೋಜನೆ ಮೊದಲೇ ತಯಾರಿತ್ತು.

ಈಗ ಹಡಗು. ನಮ್ಮ ಐಎನ್‌ಎಸ್ ವಿರಾಟ್‌ನ ಹಳೇ ಹೆಸರು ಎಚ್‌ಎಂಎಸ್ ಹರ್ಮೀಸ್. 1982ರಲ್ಲಿ ಬ್ರಿಟಿಷ್ ಪಡೆಯ ಮುಖ್ಯ ಹಡಗು ಅದೇ. ಏಪ್ರಿಲ್ 5ರಂದು ಪೋರ್ಟ್ಸ್‌ಮತ್ ಬಂದರಿನಿಂದ ಹೊರಟಿತು. ನಮ್ಮ ನೌಕಾಪಡೆಗೆ ಸೇರಿದ್ದು 1987ರ ಮೇ ತಿಂಗಳಲ್ಲಿ. ನಾನು ಅದರ ಬಾಯ್ಲರ್ ಕೋಣೆಯಲ್ಲಿ ದುಡಿದವನು. ರಜೆಗೆ ಮೇ ತಿಂಗಳಲ್ಲಿ ಊರಿಗೆ ಬಂದರೆ ಎಲ್ಲರೂ ಬಿಸಿಲು ಎಂದು ಒದ್ದಾಡುತ್ತಿದ್ದರು, ನನಗೆ ತಂಪು ಅನಿಸುತ್ತಿತ್ತು.

ಯುದ್ಧ 74 ದಿನ ನಡೆಯಿತು. ಜೂನ್ 14ಕ್ಕೆ ಅರ್ಜೆಂಟೀನಾ ಪಡೆ ಶರಣಾಯಿತು. ಅವರ ಕಡೆ 649 ಜನ, ಬ್ರಿಟಿಷರ ಕಡೆ 255 ಜನ ಸತ್ತರು. ದ್ವೀಪದವರೂ ಮೂವರು. ಅವತ್ತು ತೀರ್ಮಾನ ಆಗಿದ್ದು ದ್ವೀಪ ಯಾರ ಕೈಯಲ್ಲಿ ಇರಬೇಕು ಅನ್ನುವುದಷ್ಟೇ. ಯಾರಿಗೆ ಸೇರಿದ್ದು ಅನ್ನುವ ತಕರಾರು ಹಾಗೇ ಉಳಿಯಿತು. ಹೊಲ ಒಬ್ಬರು ಉಳುತ್ತಿರುತ್ತಾರೆ, ಪಹಣಿಯ ಕೇಸು ಇನ್ನೊಬ್ಬರು ನಡೆಸುತ್ತಿರುತ್ತಾರೆ. ನಮ್ಮ ಕಡೆ ಇದು ಹೊಸತಲ್ಲ, ಅಲ್ವಾ?

ಪ್ರಶ್ನೆ (ಗಂಗಾವತಿ, ಕೆಎಎಸ್ ತಯಾರಿ):
ಸರ್, ನಿಜವಾಗಿ ಯಾರ ವಾದ ಗಟ್ಟಿ? ಒಂದು ಪುಸ್ತಕ ತೆಗೆದರೆ ಬ್ರಿಟನ್ ಸರಿ ಅನಿಸುತ್ತದೆ, ಇನ್ನೊಂದು ತೆಗೆದರೆ ಅರ್ಜೆಂಟೀನಾ.

ಉತ್ತರ:
ನೋಡಮ್ಮ, ಹಳೇ ದಾಖಲೆ ತೆಗೆದರೆ ತಲೆ ತಿರುಗುತ್ತದೆ. 1764ರಲ್ಲಿ ಅಲ್ಲಿ ಮೊದಲು ಮನೆ ಕಟ್ಟಿದವರು ಫ್ರೆಂಚರು. ಸೇಂಟ್ ಮಾಲೋ ಎಂಬ ಬಂದರಿನಿಂದ ಬಂದವರಾದ್ದರಿಂದ ‘ಮಾಲೂಯಿನ್’ ಎಂದು ಕರೆದರು. ಸ್ಪೇನಿನವರ ಬಾಯಲ್ಲಿ ಅದು ‘ಮಾಲ್ವಿನಾಸ್’ ಆಯಿತು. ಮರುವರ್ಷ ಬ್ರಿಟಿಷರು ಬಂದು ಇನ್ನೊಂದು ಮೂಲೆಯಲ್ಲಿ ತಮ್ಮ ಬಾವುಟ ನೆಟ್ಟರು. ಫ್ರೆಂಚರು ತಮ್ಮ ಪಾಲನ್ನು ಸ್ಪೇನಿಗೆ ಬಿಟ್ಟುಕೊಟ್ಟರು. ಬ್ರಿಟಿಷರು 1774ರಲ್ಲಿ ಹಕ್ಕಿನ ಫಲಕ ಒಂದನ್ನು ಬಿಟ್ಟು ಹೊರಟುಹೋದರು. ಸ್ಪೇನಿನವರು 1811ರಲ್ಲಿ ಹೋದರು. ಆಮೇಲೆ ಸ್ಪೇನಿನ ಆಸ್ತಿಗೆ ನಾವೇ ವಾರಸುದಾರರು ಎಂದು ಅರ್ಜೆಂಟೀನಾ ಬಂತು. 1833ರಲ್ಲಿ ಬ್ರಿಟಿಷ್ ಹಡಗು ಬಂದು ಅವರ ಕಾವಲು ಪಡೆಯನ್ನು ಹೊರಗೆ ಕಳಿಸಿತು. ಅಂದಿನಿಂದ ಇಂದಿನವರೆಗೆ, ಆ 74 ದಿನ ಬಿಟ್ಟರೆ, ಬ್ರಿಟಿಷರೇ ಇದ್ದಾರೆ.

ಅರ್ಜೆಂಟೀನಾದ ವಾದ: 1833ರಲ್ಲಿ ಕಿತ್ತುಕೊಂಡಿದ್ದು, ವಾಪಸ್ ಕೊಡಿ. ಬ್ರಿಟನ್ನಿನ ವಾದ: ಅಲ್ಲಿ ಇರುವ ಜನ ಏನು ಹೇಳುತ್ತಾರೋ ಅದೇ. 2013ರಲ್ಲಿ ದ್ವೀಪದವರ ಮತ ಕೇಳಿದರು. 1,517 ಜನ ಮತ ಹಾಕಿದರು. ಬ್ರಿಟನ್ ಬೇಡ ಅಂದವರು ಮೂವರು! ಅದಕ್ಕೆ ಅರ್ಜೆಂಟೀನಾ ಹೇಳುವುದು: ನೀವೇ ತಂದು ನೆಲೆಗೊಳಿಸಿದ ಜನರನ್ನು ನೀವೇ ಕೇಳಿದರೆ ಇನ್ನೇನು ಹೇಳುತ್ತಾರೆ? 1965ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2065ನೇ ನಿರ್ಣಯದಲ್ಲಿ ಇಬ್ಬರೂ ಕೂತು ಮಾತಾಡಿ, ದ್ವೀಪದವರ ಹಿತ ನೋಡಿ ಎಂದಿತು. ‘ಹಿತ’ ಎಂದಿತು, ‘ಇಚ್ಛೆ’ ಎನ್ನಲಿಲ್ಲ. ಆ ಒಂದು ಪದಕ್ಕೆ ಇಬ್ಬರೂ ಇನ್ನೂ ಜಗಳಾಡುತ್ತಾರೆ. ಪರೀಕ್ಷೆಗೆ ಇದನ್ನು ನೆನಪಿಟ್ಟುಕೋ. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬೇಕಾದರೆ ಇಬ್ಬರೂ ಒಪ್ಪಬೇಕು. ಅದು ಆಗಿಲ್ಲ.

ಪ್ರತಿಕ್ರಿಯೆ (ರಾಯಚೂರು, ನಿವೃತ್ತ ಇತಿಹಾಸ ಮೇಷ್ಟ್ರು):
ಕಿತ್ತುಕೊಂಡಿದ್ದು ಕಿತ್ತುಕೊಂಡಿದ್ದೇ ಸಾಹೇಬರೇ. ಕಾಲ ಕಳೆದ ಮಾತ್ರಕ್ಕೆ ಹಕ್ಕು ಬರುತ್ತದಾ?

ಉತ್ತರ:
ಮೇಷ್ಟ್ರೇ, ನೀವು ರಾಯಚೂರಿನಲ್ಲಿ ಕೂತು ಇದನ್ನು ಕೇಳಬಾರದಿತ್ತು! ಕೃಷ್ಣಾ ತುಂಗಭದ್ರೆ ನಡುವಿನ ನಿಮ್ಮ ದೋಆಬಿಗೆ ವಿಜಯನಗರದವರು, ಬಹಮನಿಯವರು, ಬಿಜಾಪುರದವರು ಎಷ್ಟು ಸಲ ಹೊಡೆದಾಡಿಲ್ಲ? 1520ರಲ್ಲಿ ಕೃಷ್ಣದೇವರಾಯ ಗೆದ್ದ, ಆಮೇಲೆ ಅದು ಮತ್ತೆ ಕೈ ಬದಲಾಯಿತು. ಯಾವ ಇಸವಿಗೆ ಗೆರೆ ಎಳೆಯುತ್ತೀರಿ? ಆದರೂ ನಿಮ್ಮ ಮಾತು ತೆಗೆದುಹಾಕುವುದಿಲ್ಲ. ವಸಾಹತು ಕಾಲದ ಗಾಯ ಎಂದೇ ಅರ್ಜೆಂಟೀನಾದವರು ಅದನ್ನು ನೋಡುತ್ತಾರೆ. ಅವರ ಸಂವಿಧಾನದಲ್ಲೇ ಆ ಹಕ್ಕು ಬರೆದಿದೆ.

ನನಗೆ ಹೆಚ್ಚು ಕಾಡುವುದು ಬೇರೆ. ಈ ಯುದ್ಧ ತಪ್ಪಿಸಬಹುದಿತ್ತು. 1971ರ ಒಪ್ಪಂದದ ನಂತರ ದ್ವೀಪಕ್ಕೆ ವಿಮಾನ ಓಡಿಸುತ್ತಿದ್ದವರು ಅರ್ಜೆಂಟೀನಾದವರೇ. ದ್ವೀಪದವರು ಆಸ್ಪತ್ರೆಗೆ, ಓದಿಗೆ ಅಲ್ಲಿಗೇ ಹೋಗುತ್ತಿದ್ದರು. 1980ರಲ್ಲಿ ಬ್ರಿಟಿಷ್ ಮಂತ್ರಿ ನಿಕೋಲಸ್ ರಿಡ್ಲಿ ಒಂದು ದಾರಿ ಇಟ್ಟರು: ಒಡೆತನ ಅರ್ಜೆಂಟೀನಾಗೆ, ಆಡಳಿತ ಗುತ್ತಿಗೆಯ ಮೇಲೆ ಬ್ರಿಟನ್ನಿಗೆ. ದ್ವೀಪದವರು ಒಪ್ಪಲಿಲ್ಲ, ಬ್ರಿಟನ್ ಸಂಸತ್ತಿನಲ್ಲೂ ರಿಡ್ಲಿಯನ್ನು ಕೂಗಾಡಿ ಕೂರಿಸಿದರು. ಅದಾದ ಮೇಲೆ ಲಂಡನ್ನು ಏನು ಮಾಡಿತು ನೋಡಿ. ಖರ್ಚು ಜಾಸ್ತಿ ಎಂದು ಆ ಕಡಲಲ್ಲಿ ಇದ್ದ ಒಂದೇ ಗಸ್ತು ಹಡಗು ಎಂಡ್ಯೂರೆನ್ಸನ್ನು ವಾಪಸ್ ಕರೆಸುತ್ತೇವೆ ಎಂದಿತು. ಇನ್ವಿನ್ಸಿಬಲ್ ಎಂಬ ವಿಮಾನವಾಹಕವನ್ನು ಆಸ್ಟ್ರೇಲಿಯಾಗೆ ಮಾರಲು ಹೊರಟಿತು. ನಮ್ಮ ಹರ್ಮೀಸಿನ ದಿನವೂ ಮುಗಿಯುತ್ತಾ ಬಂದಿತ್ತು. ಬ್ಯೂನಸ್ ಐರಿಸ್‌ನಲ್ಲಿ ಗಾಲ್ಟಿಯೇರಿಯ ಮಿಲಿಟರಿ ಸರ್ಕಾರ, ಬೆಲೆ ಏರಿ ಜನ ಬೀದಿಗೆ ಬಂದಿದ್ದರು. ಇವರಿಗೆ ಆ ದ್ವೀಪ ಬೇಡವಾಗಿದೆ, ಹೊಡೆದರೆ ಸುಮ್ಮನಿರುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಕಾವಲುಗಾರನನ್ನು ಬಿಡಿಸಿ ಬೀಗ ಮಾತ್ರ ಹಾಕಿಟ್ಟರೆ ಇನ್ನೇನಾಗುತ್ತದೆ?

ಪ್ರಶ್ನೆ (ತೋರಣಗಲ್ಲು; ಕಾರ್ಖಾನೆ ನೌಕರ):
ಅಣ್ಣಾ, ಅರ್ಜೆಂಟೀನಾಗೆ ದ್ವೀಪ ಮನೆ ಮುಂದೆ. ಇಂಗ್ಲೆಂಡಿಗೆ ಭೂಮಿಯ ಇನ್ನೊಂದು ತುದಿ. ಆದರೂ ಹೇಗೆ ಸೋತರು? ಈಗ ಮತ್ತೆ ಯುದ್ಧ ಆಗುತ್ತದಾ?

ಉತ್ತರ:
ತಮ್ಮಾ, ಅರ್ಜೆಂಟೀನಾದ ದಡದಿಂದ ದ್ವೀಪ ಸುಮಾರು 500 ಕಿಮೀ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. ಬ್ರಿಟನ್ನಿಗೆ ಸುಮಾರು 13,000 ಕಿಮೀ. ಆದರೆ ದ್ವೀಪದ ರಾಜಧಾನಿ ಸ್ಟ್ಯಾನ್ಲಿಯ ರನ್‌ವೇ ಚಿಕ್ಕದಿತ್ತು. ಅರ್ಜೆಂಟೀನಾ ಅದನ್ನು ಉದ್ದ ಮಾಡಲಿಲ್ಲ. ಹಾಗಾಗಿ ಅವರ ಯುದ್ಧವಿಮಾನಗಳು ತಮ್ಮ ನೆಲದಿಂದಲೇ ಹಾರಿ ಬರಬೇಕು. ಬಂದು ಸೇರುವಷ್ಟರಲ್ಲಿ ಇಂಧನ ಮುಗಿಯುತ್ತಾ ಬಂದಿರುತ್ತಿತ್ತು. ಬಾಂಬು ಹಾಕಿ ಓಡುವುದೇ ಕೆಲಸ. ಆ ಪೈಲಟ್‌ಗಳ ಗಂಡೆದೆಗೆ ನಾನಂತೂ ಕೈ ಮುಗಿಯುತ್ತೇನೆ. ಬ್ರಿಟಿಷರ ರನ್‌ವೇ ತೇಲುತ್ತಾ ಜೊತೆಗೇ ಬಂದಿತ್ತು. ಹರ್ಮೀಸಿನ ಮೂತಿಯಲ್ಲಿ ಮೇಲಕ್ಕೆ ಬಾಗಿದ ಇಳಿಜಾರು ಇತ್ತಲ್ಲ, ಅದರ ಮೇಲಿಂದ ಸೀ ಹ್ಯಾರಿಯರ್ ಯುದ್ಧವಿಮಾನ ಜಿಗಿದು ಹಾರುತ್ತಿತ್ತು. ಆಕಾಶದ ಕಾದಾಟದಲ್ಲಿ ಒಂದು ಹ್ಯಾರಿಯರೂ ಬೀಳಲಿಲ್ಲ. ಅದೇ ಇಳಿಜಾರಿನ ಮೇಲೆ ನಮ್ಮ ಹುಡುಗರೂ 2016ರವರೆಗೆ ಹ್ಯಾರಿಯರ್ ಹಾರಿಸಿದರು.

ಸುಲಭವಾಗಿ ಗೆದ್ದರು ಎಂದುಕೊಳ್ಳಬೇಡ. ಮೇ 2ರಂದು ಬ್ರಿಟಿಷ್ ಸಬ್‌ಮರೀನು ಜನರಲ್ ಬೆಲ್‌ಗ್ರಾನೊ ಹಡಗನ್ನು ಮುಳುಗಿಸಿತು, 323 ಜನ ಸತ್ತರು. ಎರಡೇ ದಿನಕ್ಕೆ ಅರ್ಜೆಂಟೀನಾ ಎಕ್ಸೋಸೆಟ್ ಕ್ಷಿಪಣಿಯಿಂದ ಶೆಫೀಲ್ಡ್ ಹಡಗಿಗೆ ಹೊಡೆಯಿತು. ವಿಮಾನದಿಂದ ಬಿಡುವ ಆ ಕ್ಷಿಪಣಿ ಅವರ ಬಳಿ ಇದ್ದಿದ್ದೇ ಐದು. ಮೇ 25ರಂದು ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗು ಸುಟ್ಟು, ಅದರಲ್ಲಿದ್ದ ಚಿನೂಕ್ ಹೆಲಿಕಾಪ್ಟರುಗಳಲ್ಲಿ ಒಂದೇ ಉಳಿಯಿತು. ಹಾಗಾಗಿ ಬ್ರಿಟಿಷ್ ಸೈನಿಕರು ಬೆನ್ನ ಮೇಲೆ ಹೊರೆ ಹೊತ್ತು, ಕೆಸರಿನಲ್ಲಿ, ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರು. ಎದುರಿಗೆ ಚಳಿಯಲ್ಲಿ ಕೂತವರು ಯಾರು? ಕೊರಿಯೆಂತೆಸ್, ಚಾಕೊದಂಥ ಬಿಸಿಲ ನಾಡಿನಿಂದ ಕಡ್ಡಾಯ ಸೇವೆಗೆ ಎಳೆತಂದ 18, 19 ವರ್ಷದ ಹುಡುಗರು. ನಮ್ಮ ಸಿರುಗುಪ್ಪದ ಹುಡುಗರನ್ನು ತಯಾರಿ ಇಲ್ಲದೆ ಲಡಾಖಿನಲ್ಲಿ ಇಳಿಸಿದ ಹಾಗೆ. ಸತ್ತವರಲ್ಲಿ ಎಷ್ಟೋ ಜನರ ಗೋರಿಯ ಮೇಲೆ ಹೆಸರಿರಲಿಲ್ಲ. 2017ರಲ್ಲಿ ರೆಡ್‌ಕ್ರಾಸ್‌ನವರು ಬಂದು ಗುರುತು ಹಿಡಿಯುವ ಕೆಲಸ ಶುರು ಮಾಡಿದ ಮೇಲೆ ನೂರಕ್ಕೂ ಹೆಚ್ಚು ಮನೆಗಳಿಗೆ ತಮ್ಮ ಮಗ ಯಾವ ಗೋರಿಯಲ್ಲಿದ್ದಾನೆ ಎಂದು ತಿಳಿಯಿತು. 35 ವರ್ಷ ಆದ ಮೇಲೆ.

ಮತ್ತೆ ಯುದ್ಧ? ನನಗೆ ಹಾಗೆ ಕಾಣುವುದಿಲ್ಲ. ಬ್ರಿಟಿಷರು 1985ರಲ್ಲಿ ದ್ವೀಪದ ಮೌಂಟ್ ಪ್ಲೆಸೆಂಟ್‌ನಲ್ಲಿ ಉದ್ದನೆಯ ರನ್‌ವೇ ಕಟ್ಟಿದರು. ನಾಲ್ಕು ಟೈಫೂನ್ ವಿಮಾನ ಅಲ್ಲಿ ಕಾಯಂ ಇರುತ್ತವೆ. ನಾಲ್ಕೇ ಎಂದು ನಗಬೇಡ. ತೊಂದರೆ ಬಂದರೆ ಇನ್ನಷ್ಟು ಇಳಿಯಲು ಜಾಗ ಇದೆ, ಅದೇ ಮುಖ್ಯ. ಅರ್ಜೆಂಟೀನಾದ ಪಡೆಯೂ ಸೊರಗಿದೆ. ಬ್ರಿಟಿಷ್ ಬಿಡಿಭಾಗ ಇರುವ ವಿಮಾನ ಕೊಳ್ಳಲು ಹೋದರೆ ಬ್ರಿಟನ್ ಅಡ್ಡ ಹಾಕುತ್ತದೆ. ನಮ್ಮ ಎಚ್‌ಎಎಲ್‌ನ ತೇಜಸ್ ಮೇಲೂ ಅವರು ಕಣ್ಣಿಟ್ಟಿದ್ದರು, ಅದರ ಎಜೆಕ್ಷನ್ ಸೀಟು, ಅಂದರೆ ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಎಸೆಯುವ ಸೀಟು, ಬ್ರಿಟನ್ನಿನದು. ಕೊನೆಗೆ 2024ರಲ್ಲಿ ಡೆನ್ಮಾರ್ಕಿನಿಂದ 24 ಹಳೇ ಎಫ್-16 ಕೊಳ್ಳಲು ಸಹಿ ಹಾಕಿದರು. ಈಗಿನ ಜಗಳ ಏನಿದ್ದರೂ ಮೀನು, ಕಡಲ ತಳದ ಎಣ್ಣೆ ಮತ್ತು ಭಾಷಣ.

ಪ್ರಶ್ನೆ (ಗಂಗಾವತಿ):
ಸರ್, ಮಾರಿಷಸ್‌ಗೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಕೊಡುತ್ತೇವೆ ಎಂದು ಬ್ರಿಟನ್ 2025ರಲ್ಲಿ ಸಹಿ ಹಾಕಿತಲ್ಲ, ಹಾಗೇ ಇದೂ?

ಉತ್ತರ:
ಅದು ಬೇರೆ ಕಥೆ. ಚಾಗೋಸ್‌ನ ಜನರನ್ನು ಬ್ರಿಟಿಷರೇ ಎಬ್ಬಿಸಿ ಕಳಿಸಿದ್ದರು, ಅಮೆರಿಕದ ನೆಲೆಗಾಗಿ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಮಾರಿಷಸ್‌ನಿಂದ ಚಾಗೋಸ್ ಬೇರ್ಪಡಿಸಿದ್ದು ಸರಿಯಲ್ಲ ಎಂದು ಅಭಿಪ್ರಾಯ ಕೊಟ್ಟಿತು. ಫಾಕ್‌ಲ್ಯಾಂಡಿನಲ್ಲಿ ಜನ ಇದ್ದಾರೆ, ಕುರಿ ಮೇಯಿಸಿಕೊಂಡು ಏಳೆಂಟು ತಲೆಮಾರಿನಿಂದ ಇರುವ ಮನೆಗಳಿವೆ. ಅವರನ್ನು ಬಿಟ್ಟು ಲಂಡನ್ ಸಹಿ ಹಾಕುವುದು ಕಷ್ಟ.

ಪ್ರಶ್ನೆ (ಕೌಲ್ ಬಜಾರ್):
ಕಾಕಾ, ಕೊನೇ ಮಾತು. ವಿರಾಟ್ ಎಲ್ಲಿದೆ ಈಗ?

ಉತ್ತರ:
2017ರ ಮಾರ್ಚಿನಲ್ಲಿ ಸೇವೆಯಿಂದ ಇಳಿಸಿದರು. ಮ್ಯೂಸಿಯಂ ಮಾಡೋಣ ಎಂಬ ಮಾತು ಬಂತು, ಕೈಗೂಡಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಗುಜರಾತಿನ ಅಲಂಗ್ ದಡಕ್ಕೆ ಎಳೆದುಕೊಂಡು ಹೋಗಿ ಬಿಚ್ಚಿದರು. ಆ ಫೋಟೊ ನಾನು ಪೂರ್ತಿ ನೋಡಲಿಲ್ಲ. ನಿಮ್ಮವರ ಕೈಗೇ ಹೋಯಿತಪ್ಪ.

ಪ್ರತಿಕ್ರಿಯೆ (ಕೌಲ್ ಬಜಾರ್):
ಅಲಂಗ್ ಪ್ಲೇಟು ಬಹಳಷ್ಟು ಅಲ್ಲೇ ಸುತ್ತಮುತ್ತ ರೋಲಿಂಗ್ ಮಿಲ್ಲಿಗೆ ಹೋಗಿ ಸಲಾಕೆ ಆಗುತ್ತದೆ ಕಾಕಾ. ಯಾರದೋ ಮನೆಯ ತಾರಸಿಯಲ್ಲಿ ಇರಬಹುದು. ಈ ಕಡೆ ಬಂದಾಗ ಅಂಗಡಿಗೆ ಬನ್ನಿ, ಚಹಾ ಕುಡಿಯೋಣ.