ದನ ಹಿಡಿದದ್ದು ಹುಲಿಯಾ? ಮೊದಲ ದಿನ ಏನು ಮಾಡಬೇಕು: ಭದ್ರಾ ಕಾಡಂಚಿನವರ ಪ್ರಶ್ನೆಗಳು, ವನ್ಯಜೀವಿ ಪಶುವೈದ್ಯರ ಉತ್ತರ

ಪ್ರಶ್ನೆ (ಉಂಬ್ಳೆಬೈಲು ಕಡೆಯ ಕೃಷಿಕ): ಡಾಕ್ಟ್ರೇ, ನಮಸ್ಕಾರ. ಗುಡ್ಡಕ್ಕೆ ಬಿಟ್ಟ ಮಲೆನಾಡು ಗಿಡ್ಡ ಹಸು ನಿನ್ನೆ ರಾತ್ರಿ ಕೊಟ್ಟಿಗೆಗೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಹಳ್ಳದ ಪಕ್ಕ ಸತ್ತು ಬಿದ್ದಿದೆ, ತೊಡೆಯ ಕಡೆ ತಿಂದಿದೆ. ಹುಲಿಯೋ ಚಿರತೆಯೋ ಗೊತ್ತಾಗುತ್ತಿಲ್ಲ. ಊರಿನವರು ಹೂತು ಹಾಕು ಅಂತಿದಾರೆ. ಏನು ಮಾಡಲಿ?

ಉತ್ತರ (ಪಶುವೈದ್ಯ): ಹೂಳಬೇಡಿ, ಎಳೆದು ಜಾಗ ಬದಲಿಸಬೇಡಿ. ಈಗಲೇ ಮಾಡಬೇಕಾದ್ದು ಇಷ್ಟು: ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ನಿಮ್ಮ ಗಾರ್ಡಿಗೋ ಫೋನ್ ಮಾಡಿ. ಪಶು ಆಸ್ಪತ್ರೆಗೂ ತಿಳಿಸಿ. ಅವರು ಬರುವ ಮೊದಲು ಮೊಬೈಲಲ್ಲಿ ಫೋಟೊ ತೆಗೆದಿಡಿ: ಇಡೀ ಹಸು, ಕುತ್ತಿಗೆ, ತಿಂದ ಭಾಗ, ಕಿವಿಯ ಓಲೆಯ (ಗುರುತಿನ ಟ್ಯಾಗಿನ) 12 ಅಂಕಿ ಕಾಣುವ ಹಾಗೆ ಒಂದು, ಸುತ್ತ ನೆಲದ ಮೇಲಿನ ಹೆಜ್ಜೆ. ಹೆಜ್ಜೆಯ ಪಕ್ಕ ಅಳತೆ ಪಟ್ಟಿ ಇಡಿ, ಇಲ್ಲದಿದ್ದರೆ ಬೆಂಕಿಪೊಟ್ಟಣ ಸಾಕು. ಜನ ತುಳಿದು ಹಾಳಾಗದಂತೆ ಒಳ್ಳೆಯ ಹೆಜ್ಜೆಯೊಂದರ ಮೇಲೆ ಬುಟ್ಟಿ ಕವುಚಿ. ಒಬ್ಬರೇ ಹೋಗಬೇಡಿ, ಮೂರು ನಾಲ್ಕು ಜನ ಮಾತಾಡುತ್ತಾ ಹೋಗಿ. ಹುಲಿ ತಿಂದು ಹತ್ತಿರದ ಪೊದೆಯಲ್ಲೇ ಮಲಗಿರುವ ಸಾಧ್ಯತೆ ಹೆಚ್ಚು.

ಯಾವ ಪ್ರಾಣಿ ಅನ್ನುವುದು ಒಂದೇ ಗುರುತಿನಿಂದ ಹೇಳಲಾಗದು. ಬೆಳೆದ ಹುಲಿಯ ಹೆಜ್ಜೆ ಸಾಮಾನ್ಯವಾಗಿ 11 ಸೆಂ.ಮೀ.ಗಿಂತ ಅಗಲ, ಚಿರತೆಯದು 9 ದಾಟುವುದು ಅಪರೂಪ. ಆದರೆ ಹಳ್ಳದ ಕೆಸರಲ್ಲಿ ಹೆಜ್ಜೆ ಹರಡಿಕೊಂಡು ಚಿರತೆಯದೂ ಹುಲಿಯದರಷ್ಟು ಕಾಣುತ್ತದೆ. ಗಟ್ಟಿ ನೆಲದ ಮೇಲೆ ತೆಳುವಾಗಿ ಧೂಳು ಇರುವ ಕಡೆಯದನ್ನೇ ಅಳೆಯಿರಿ. ಉಗುರಿನ ಗುರುತು ಎದ್ದು ಕಂಡರೆ ಅದು ನಾಯಿ ಜಾತಿ. ಹುಲಿ ಹೆಚ್ಚಾಗಿ ತೊಡೆ, ಪೃಷ್ಠದ ಕಡೆಯಿಂದ ತಿನ್ನಲು ಶುರುಮಾಡುತ್ತದೆ. ಚಿರತೆ ಹೊಟ್ಟೆ, ಎದೆಯ ಕಡೆಯಿಂದ. ಸೀಳುನಾಯಿಗಳಾದರೆ ಗಂಟಲಲ್ಲಿ ಹಿಡಿತವೇ ಇರುವುದಿಲ್ಲ, ಹಿಂಭಾಗವೆಲ್ಲ ಹರಿದಿರುತ್ತದೆ.

ಖಾತ್ರಿಯಾಗುವುದು ಮರಣೋತ್ತರ ಪರೀಕ್ಷೆಯಲ್ಲಿ. ಗಂಟಲಿನ ಮೇಲೆ ಹೊರಗಿನಿಂದ ನೋಡಿದರೆ ಕೂದಲಿನ ನಡುವೆ ಸಣ್ಣ ತೂತುಗಳಷ್ಟೇ ಕಾಣಬಹುದು. ಚರ್ಮ ಬಿಡಿಸಿದಾಗ ಒಳಗಿನ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ ಹಸು ಜೀವಂತ ಇದ್ದಾಗಲೇ ಕಚ್ಚಿದೆ ಎಂದರ್ಥ. ಹಾಗಿಲ್ಲದೆ ಮಾಂಸ ಬಿಳಿಚಿಕೊಂಡಿದ್ದರೆ ಹಸು ಬೇರೆ ಕಾರಣಕ್ಕೆ ಸತ್ತಿದ್ದು, ಆಮೇಲೆ ಪ್ರಾಣಿ ತಿಂದಿದ್ದು. ಕೋರೆಹಲ್ಲಿನ ತೂತುಗಳ ನಡುವಿನ ಅಂತರ 5 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹುಲಿಯ ಕಡೆಗೆ ವಾಲುತ್ತದೆ. ಪರಿಹಾರ ಸಿಗುವುದೂ ಬಿಡುವುದೂ ಎಷ್ಟೋ ಸಲ ಈ ವರದಿಯ ಮೇಲೇ ನಿಲ್ಲುತ್ತದೆ, ಹಾಗಾಗಿ ಗಂಟಲು ಬಿಡಿಸಿ ನೋಡಿ, ಬರೆಯಿರಿ ಎಂದು ಡಾಕ್ಟರನ್ನು ನೀವೇ ಕೇಳಿ.

ಪ್ರಶ್ನೆ (ಅದೇ ಕೃಷಿಕ): ಪಂಚನಾಮೆ ಆದಮೇಲಾದ್ರೂ ಹೂಳಬಹುದಲ್ಲ? ವಾಸನೆಗೆ ಮತ್ತೆ ಬರುತ್ತೆ ಅಂತ ಹೆದರಿಕೆ.

ಉತ್ತರ: ಮನೆ, ಶಾಲೆ, ಜನ ಓಡಾಡುವ ದಾರಿ ಹತ್ತಿರ ಇಲ್ಲದಿದ್ದರೆ ಅಲ್ಲೇ ಬಿಡುವುದು ಒಳ್ಳೆಯದು. ಒಂದು ಹಸುವನ್ನು ಹುಲಿ ಒಂದೇ ರಾತ್ರಿ ಮುಗಿಸುವುದಿಲ್ಲ, ಮೂರು ನಾಲ್ಕು ದಿನ ಬಂದು ತಿನ್ನುತ್ತದೆ. ನೀವು ಹೂತರೆ ಅದರ ಹಸಿವು ಹೋಗುವುದಿಲ್ಲ, ಪಕ್ಕದ ಮನೆಯ ದನಕ್ಕೆ ಕೈ ಹಾಕುತ್ತದೆ. ಜನವಸತಿ ಹತ್ತಿರವಿದ್ದರೆ ಏನು ಮಾಡಬೇಕೆಂದು ಇಲಾಖೆಯವರೇ ತೀರ್ಮಾನಿಸಲಿ.

ಅಲ್ಲೇ ಬಿಟ್ಟರೆ, ಬಂದದ್ದು ಯಾವ ಹುಲಿ ಎಂದು ಮೈಪಟ್ಟೆಯಿಂದ ಗುರುತಿಸಲು ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಇಡಲೂ ಆಗುತ್ತದೆ. ಎರಡು ಕ್ಯಾಮೆರಾ ಬೇಕು, ಯಾಕೆಂದರೆ ಹುಲಿಯ ಎಡಮೈಯ ಪಟ್ಟೆ ಬೇರೆ, ಬಲಮೈಯದು ಬೇರೆ. ಒಂದೇ ಕಡೆಯ ಫೋಟೊ ಸಿಕ್ಕರೆ ಹಳೆಯ ದಾಖಲೆಯೊಂದಿಗೆ ಹೋಲಿಸುವುದು ಅರ್ಧಕ್ಕೇ ನಿಲ್ಲುತ್ತದೆ. ಮೊಣಕಾಲೆತ್ತರದಲ್ಲಿ, ಸುಮಾರು 40 ಸೆಂ.ಮೀ., ಕಟ್ಟಬೇಕು. ಎರಡನ್ನೂ ನೇರ ಎದುರುಬದುರು ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದಕ್ಕೆ ಹೊಡೆದು ಚಿತ್ರ ಬಿಳಿಯಾಗುತ್ತದೆ, ಸ್ವಲ್ಪ ಓರೆ ಮಾಡಿ. ಎದುರಿಗಿನ ಹುಲ್ಲು ಸವರದಿದ್ದರೆ ಗಾಳಿಗೆ ಅಲ್ಲಾಡಿ ಖಾಲಿ ಫೋಟೊಗಳಿಂದಲೇ ಕಾರ್ಡ್ ತುಂಬುತ್ತದೆ. ನಮ್ಮ ಮಳೆಗೆ ಲೆನ್ಸ್ ಒಳಗೆ ಮಂಜು ಕಟ್ಟುವುದು ಮಾಮೂಲು, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಬೇಕು.

ಯಾವ ಹುಲಿ ಎಂದು ಗೊತ್ತಾದರೆ ಮುಂದಿನ ದಾರಿಯೂ ಗೊತ್ತಾಗುತ್ತದೆ. ತಾಯಿಯಿಂದ ಬೇರೆಯಾಗಿ ಜಾಗ ಹುಡುಕುವ ಎರಡು ವರ್ಷದ ಮರಿಹುಲಿಯಾದರೆ ಕೆಲವು ದಿನಗಳಲ್ಲಿ ದಾಟಿ ಹೋಗಬಹುದು. ಹಲ್ಲು ಮುರಿದ ಮುದಿ ಹುಲಿ, ಕಾಲಿಗೆ ಗಾಯವಾದ ಹುಲಿ ಹಾಗಲ್ಲ, ಅದು ದನವನ್ನೇ ನಂಬಿಕೊಂಡು ನಿಲ್ಲುತ್ತದೆ.

ಪ್ರಶ್ನೆ (ಲಕ್ಕವಳ್ಳಿ ಕಡೆಯವರು): ಸಾರ್, ಸಿಟ್ಟಿಗೆ ಸತ್ತ ದನಕ್ಕೆ ತೋಟದ ಔಷಧಿ ಹಾಕೋರು ಇದ್ದಾರೆ. ಹೇಳಿದರೆ ಕೇಳಲ್ಲ. ಏನಂತ ಹೇಳೋದು?

ಉತ್ತರ: ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಆ ಕಾರಣಕ್ಕೆ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತಿದ್ದು ವಿಷ ಹಾಕಿದ ಹಸುವಿನಿಂದ. ಫೋರೇಟ್, ಕಾರ್ಬೋಫ್ಯುರಾನ್ ತರಹದ ಹರಳು ವಿಷ ನರಗಳ ಕೆಲಸ ಕೆಡಿಸುತ್ತದೆ: ಬಾಯಲ್ಲಿ ಜೊಲ್ಲು, ಮೈ ನಡುಕ, ಕೊನೆಗೆ ಉಸಿರು ನಿಲ್ಲುತ್ತದೆ. ಅದೇ ಮಾಂಸ ತಿಂದ ಊರ ನಾಯಿ, ನರಿ, ಹದ್ದು, ಕಾಡುಹಂದಿ ಎಲ್ಲ ಸಾಯುತ್ತವೆ. ಆ ಹಂದಿಯ ಮಾಂಸ ಯಾರ ಮನೆಯ ಒಲೆಗೆ ಹೋಗುತ್ತದೋ ಹೇಳಲಾಗದು. ಹಳ್ಳದ ಪಕ್ಕವಾದರೆ ನೀರಿಗೂ ಸೇರುತ್ತದೆ. ಹುಲಿ ಕೊಂದರೆ 3ರಿಂದ 7 ವರ್ಷ ಜೈಲು. ಆದರೆ ಕಾನೂನು ಹೇಳಿ ಹೆದರಿಸುವುದಕ್ಕಿಂತ ಮೊದಲ ದಿನವೇ ಅವರ ಜೊತೆ ನಿಂತು ಪರಿಹಾರದ ಅರ್ಜಿ ಹಾಕಿಸಿಕೊಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ, ಮಹಜರು, ಪಶುವೈದ್ಯರ ವರದಿ ಒಟ್ಟಿಗೆ ಇರಲಿ. ಅರ್ಜಿಯ ಸ್ವೀಕೃತಿ ಕೇಳಿ ಪಡೆಯಿರಿ. ಓಲೆ ಇಲ್ಲದ ದನ, ಅಭಯಾರಣ್ಯದ ಒಳಗೆ ಮೇಯಲು ಬಿಟ್ಟ ದನ, ಈ ಎರಡರಲ್ಲಿ ತಕರಾರು ಬರುವುದೇ ಹೆಚ್ಚು. ಓಲೆ ಇಲ್ಲದವರು ಈ ವಾರವೇ ಹಾಕಿಸಿಕೊಳ್ಳಿ.

ಪ್ರಶ್ನೆ (ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು): ನಮ್ಮಲ್ಲಿ ಹಂದಿಗೆ ಅಂತ ಕ್ಲಚ್ ವೈರಿನ ಉರುಳು ಹಾಕ್ತಾರೆ. ಅದಕ್ಕೆ ಹುಲಿ ಬೀಳತ್ತಾ?

ಉತ್ತರ: ಹುಲಿ, ಚಿರತೆ, ಕರಡಿ ಯಾವುದು ಬೇಕಾದರೂ ಬೀಳುತ್ತದೆ. ಹಂದಿ ನುಗ್ಗುವ ಬೇಲಿಯ ಕಂಡಿಯಲ್ಲೇ ಚಿರತೆಯೂ ನುಸುಳುವುದು. ಸೊಂಟಕ್ಕೆ ಬಿದ್ದರೆ ಎಳೆದಷ್ಟೂ ತಂತಿ ಒಳಗೆ ಕೊರೆಯುತ್ತದೆ. ಕಿತ್ತುಕೊಂಡು ಹೋದರೂ ತಂತಿ ಮೈಯಲ್ಲೇ ಉಳಿದು ಕೊಳೆಯುತ್ತದೆ. ಬೇಟೆಯಾಡಲಾಗದ ಅಂಥ ಹುಲಿಯೇ ಆಮೇಲೆ ಕೊಟ್ಟಿಗೆಗೆ ಬರುವುದು. ವಾರಕ್ಕೊಮ್ಮೆ ಬೇಲಿಗುಂಟ ಹೋಗಿ ಕಂಡಿಗಳ ಎರಡೂ ಬದಿಯ ಗೂಟ, ಬುಡಗಳಲ್ಲಿ ತಂತಿ ಕಟ್ಟಿದೆಯಾ ನೋಡಿ, ಕಂಡರೆ ಫೋಟೊ ತೆಗೆದು ಗಾರ್ಡಿಗೆ ತಿಳಿಸಿ.

ಸಿಕ್ಕಿಬಿದ್ದ ಪ್ರಾಣಿ ಕಂಡರೆ 200 ಮೀಟರ್ ದೂರ ಸರಿಯಿರಿ, ಜನ ಸೇರಿಸಬೇಡಿ, ವಿಡಿಯೊಗೆ ಹತ್ತಿರ ಹೋಗಬೇಡಿ. ಗದ್ದಲಕ್ಕೆ ಒದ್ದಾಡಿ ಮೈ ಬಿಸಿಯೇರಿ, ಸ್ನಾಯು ಕರಗಿ, ಬಿಡಿಸಿದ ಮೇಲೂ ಸಾಯುವುದುಂಟು. ಅರಿವಳಿಕೆ ಕೊಡುವವರಿಗೂ ಉದ್ರಿಕ್ತ ಪ್ರಾಣಿಗೆ ಮದ್ದು ಹಿಡಿಯುವುದು ಕಷ್ಟ.

ಹಂದಿಗೆ ಸೋಲಾರ್ ಬೇಲಿ ಹಾಕಿ. ಅದು ಸೆಕೆಂಡಿಗೊಮ್ಮೆ ಚುರುಕು ಹೊಡೆಯುತ್ತದಷ್ಟೆ, ಕೊಲ್ಲುವುದಿಲ್ಲ. ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಕರೆಂಟ್ ಸೋರಿ ಬೇಲಿ ಸತ್ತಂತೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸವರಲೇಬೇಕು. ಮನೆ ಲೈನಿನಿಂದ ನೇರ ಕರೆಂಟ್ ಕೊಡುವುದು ಮಾತ್ರ ಬೇಡವೇ ಬೇಡ. ಹುಲಿಗೆ ಹೇಗೋ ಹಾಗೇ ನಿಮ್ಮ ಮನೆ ಮಕ್ಕಳಿಗೂ ಅದು ಸಾವು.

ಪ್ರಶ್ನೆ (ಶಿವಮೊಗ್ಗದ ವಿದ್ಯಾರ್ಥಿನಿ): ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಯಲ್ಲಿ ಮರಿ ಹಾಕಿಸಿ ಕಾಡಿಗೆ ಬಿಟ್ಟರೆ ಹುಲಿ ಜಾಸ್ತಿ ಆಗಲ್ವಾ ಸಾರ್?

ಉತ್ತರ: ಆಗಲ್ಲಮ್ಮ. ಸಫಾರಿಯ ಹುಲಿಗೆ ಬೇಟೆ ಬರುವುದಿಲ್ಲ, ಮನುಷ್ಯರ ಭಯವೂ ಇಲ್ಲ. ಬಿಟ್ಟರೆ ನೇರ ಊರಿಗೇ ಬರುತ್ತದೆ. ರಾಜಸ್ಥಾನದ ಸಾರಿಸ್ಕಾದಲ್ಲಿ 2008ರಲ್ಲಿ, ಮಧ್ಯಪ್ರದೇಶದ ಪನ್ನಾದಲ್ಲಿ 2009ರಲ್ಲಿ ಹುಲಿಗಳನ್ನು ಮತ್ತೆ ತಂದಾಗಲೂ ಬೇರೆ ಕಾಡಿನ ಹುಲಿಗಳನ್ನೇ ತಂದದ್ದು. ಕಾಡಲ್ಲಿ ಬಲಿಪ್ರಾಣಿ ಇದ್ದರೆ ಹುಲಿ ತಾನಾಗಿ ಹೆಚ್ಚುತ್ತದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆಯಷ್ಟು ಬೇಟೆ ಬೇಕು, ಅಷ್ಟು ಕೊಡಲು ಕಾಡಲ್ಲಿ 500 ಇರಬೇಕು. ಭದ್ರಾದೊಳಗಿನ ಊರುಗಳವರು 2001-02ರ ಹೊತ್ತಿಗೆ ಜಮೀನು ಪಡೆದು ಹೊರಬಂದ ಮೇಲೆ ಗದ್ದೆಬಯಲುಗಳಲ್ಲಿ ಹುಲ್ಲು ಎದ್ದಿತು, ಜಿಂಕೆ, ಕಡವೆ, ಕಾಟಿ ಮೇಯಲು ಬಂದವು. ರಾಜ್ಯದ ಹುಲಿ ಎಣಿಕೆ 2014ರಲ್ಲಿ 406, 2022ರಲ್ಲಿ 563. ಊರು ಬಿಟ್ಟು ಬಂದವರ ಪಾಲನ್ನು ಆ ಅಂಕಿಯ ಜೊತೆಗೇ ನೆನೆಯಬೇಕು.

ಪ್ರಶ್ನೆ (ಉಂಬ್ಳೆಬೈಲು ಕೃಷಿಕ, ಮತ್ತೆ): ಗಾರ್ಡ್ ಬಂದು ಹೋದ್ರು, ಡಾಕ್ಟ್ರು ಮಧ್ಯಾಹ್ನ ಬರ್ತಾರಂತೆ. ಮನೆ ನಾಯಿ ಹೋಗಿ ಹಸುವಿನ ಮಾಂಸ ಎಳೀತಿದೆ, ಪರವಾಗಿಲ್ವಾ?

ಉತ್ತರ: ಕಟ್ಟಿಹಾಕಿ. ಹುಲಿ ಇನ್ನೂ ಅಲ್ಲಿದ್ದರೆ ನಾಯಿ ಉಳಿಯುವುದಿಲ್ಲ. ಇನ್ನೊಂದು, ನಾಯಿಗಳ ಡಿಸ್ಟೆಂಪರ್ ರೋಗ ಹುಲಿಗೂ ಅಂಟುತ್ತದೆ. 2018ರಲ್ಲಿ ಗಿರ್ ಸಿಂಹಗಳಲ್ಲಿ ಕಂಡದ್ದು ಅದೇ ವೈರಸ್. ನಾಯಿಮರಿಗೆ 6ರಿಂದ 8 ವಾರದಲ್ಲಿ ಶುರುಮಾಡಿ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಂದರಂತೆ ಲಸಿಕೆ, ಆಮೇಲೆ ವರ್ಷಕ್ಕೊಂದು. ರೇಬೀಸ್ ಲಸಿಕೆಯಲ್ಲಿ ಇದು ಸೇರಿರುವುದಿಲ್ಲ, ಬೇರೆಯಾಗಿ ಕೇಳಿ ಹಾಕಿಸಿ. ಉಳಿದ ದನಗಳನ್ನು ಇವತ್ತು ಗುಡ್ಡಕ್ಕೆ ಬಿಡಬೇಡಿ. ನಾಲ್ಕೈದು ದಿನ ಕೊಟ್ಟಿಗೆಯಲ್ಲೇ ಸೊಪ್ಪು, ಹುಲ್ಲು ಹಾಕಿ. ಬಾಗಿಲಿಲ್ಲದ ಕೊಟ್ಟಿಗೆಯಾದರೆ ಸಂಜೆಯೊಳಗೆ ಅಡ್ಡ ದಬ್ಬೆಗಳನ್ನು ಒಂದು ಗೇಣಿಗಿಂತ ಹೆಚ್ಚು ಸಂದಿಲ್ಲದಂತೆ ಬಿಗಿದು ಕಟ್ಟಿ.