ಮೆನಿ–ಮಚ್ ಗೊಂದಲ: ಕ್ಲಾಸ್ ಸೇರಲೋ, ರೂಮಲ್ಲೇ ಓದಲೋ?

ಸಪ್ತಾಪುರ ರೂಮ್‌ಮೇಟ್: ಧಾರವಾಡದಲ್ಲಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷಿನಲ್ಲಿ ಮೆನಿ–ಮಚ್, ಫ್ಯೂ–ಲಿಟಲ್ ಬಂದರೆ ತಲೆ ಕೆಡುತ್ತದೆ. ಎಣಿಸುವುದಕ್ಕೆ ಮೆನಿ, ಉಳಿದದ್ದಕ್ಕೆ ಮಚ್, ಸರಿ. ಆದರೆ ಫರ್ನಿಚರ್ ಎಣಿಸಬಹುದಲ್ವಾ? ಕ್ಲಾಸ್ ಸೇರಿದವರು ಹೇಳಿ.

ಹಾವೇರಿ ಏಲಕ್ಕಿ: ಕ್ಲಾಸ್ ಮಾತೇ ಎತ್ತಬೇಡ ತಮ್ಮಾ. 18,000 ಫೀ. ಪಿಜಿಗೆ ತಿಂಗಳಿಗೆ 5,500. ನೋಟ್ಸ್ ಜೆರಾಕ್ಸಿಗೇ 640. ಕೊಟ್ಟದ್ದು ಒಂದು ಹಾಳೆ: ಫರ್ನಿಚರ್, ಲಗೇಜ್, ಅಡ್ವೈಸ್, ಇನ್ಫರ್ಮೇಷನ್, ಹೋಂವರ್ಕ್. ಇವಕ್ಕೆ ಎಸ್ ಹಚ್ಚಬೇಡಿ, ಮೆನಿ ಹಾಕಬೇಡಿ. ಮುಗೀತು. ನಡುವೆ ಬಿಟ್ಟು ದುಡ್ಡು ವಾಪಸ್ ಕೇಳಿದೆ. ಜಿಎಸ್‌ಟಿ ಹಿಡಿದುಕೊಂಡು ಕೊಡುತ್ತೇವೆ ಅಂದರು. ಇನ್ನೂ ಕೊಡುತ್ತಿದ್ದಾರೆ.

ನವನಗರದ ಅಕ್ಕ: ಪಟ್ಟಿ ಬಾಯಿಪಾಠ ಮಾಡಿದವರು ಹೀಗೇ ಅಳುತ್ತಾರೆ. ನಾನು ಕ್ಲಾಸಿಗೆ ಹೋಗಿಯೇ ಪಾಸಾದವಳು. ನಮ್ಮ ಸರ್ ‘ವಸ್ತು ಅಲ್ಲ, ಪದ ನೋಡಿ’ ಅನ್ನುತ್ತಿದ್ದರು. ನೋಟು ಎಣಿಸುತ್ತೇವೆ, ಆದರೂ ಮನಿಗೆ ಮಚ್. ರುಪೀಸ್ ಅಂದರೆ ಮೆನಿ. ಚೇರ್ಸ್‌ಗೆ ಮೆನಿ, ಫರ್ನಿಚರ್‌ಗೆ ಮಚ್. ಇನ್ನು ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ, ‘ಎ ಫ್ಯೂ’ ಅಂದರೆ ನಾಲ್ಕಾರು ಉಂಟು. ಲಿಟಲ್, ಎ ಲಿಟಲ್ ಹಾಗೇ. ಪ್ರಿಲಿಮ್ಸಿನಲ್ಲಿ 20 ನಿಮಿಷಕ್ಕೆ 30 ಪ್ರಶ್ನೆ. ಆ ‘ಎ’ ಕಣ್ತಪ್ಪಿದರೆ ಇದ್ದ ಮಾರ್ಕಲ್ಲೂ ಕಾಲು ಮಾರ್ಕ್ ಹೋಗುತ್ತದೆ.

ಗದಗ ಪ್ರೆಸ್‌ವಾಲಾ: ನಿಮ್ಮದು ಕಾಲು ಮಾರ್ಕು, ನನ್ನದು ಕೇಳಿ. ಒಂದು ಶಾಲೆಯ ಅಡ್ಮಿಷನ್ ಪಾಂಪ್ಲೆಟ್. ಅವರು ಬರೆದುಕೊಟ್ಟದ್ದು ‘ಲೆಸ್ ಸ್ಟೂಡೆಂಟ್ಸ್’. ಎಣಿಕೆಗೆ ಬರುವ ಮಕ್ಕಳು, ‘ಫ್ಯೂಅರ್’ ಅಂತ ತಿದ್ದಿದೆ. 4,000 ಪ್ರತಿ, 130 ಜಿಎಸ್‌ಎಂ ತೂಕದ ಆರ್ಟ್ ಪೇಪರು. ಪ್ರಿಂಟಿಂಗ್ ಮಿಸ್ಟೇಕ್ ಅಂತ ಅಷ್ಟೂ ವಾಪಸ್ ಕಳಿಸಿದರು! ಪೇಪರ್ 3,400, ನಾಲ್ಕು ಪ್ರಿಂಟಿಂಗ್ ಪ್ಲೇಟಿಗೆ 1,400, ಕಟಿಂಗ್ ಬೇರೆ, ಹೋಗಿ ಬರುವ ಆಟೊ ಬಾಡಿಗೆ ಬೇರೆ. ಎಲ್ಲ ನನ್ನ ತಲೆಗೆ. ಈಗ ಗಿರಾಕಿ ‘ಮೆನಿ ವಾಟರ್’ ಅಂತ ಬರೆದರೂ ಹಾಗೇ ಹೊಡೆದು ಕೊಡುತ್ತೇನೆ.

ಕೆಲಗೇರಿ ವಾಕರ್: ಶಾಲೆಯವರದ್ದೇನೂ ತಪ್ಪಿರಲಿಲ್ಲ ಬಿಡಿ. 9ನೇ ಶತಮಾನದ ಇಂಗ್ಲೆಂಡಿನ ಆಲ್ಫ್ರೆಡ್ ರಾಜನ ಬರಹದಲ್ಲೇ ಎಣಿಸುವ ಪದಕ್ಕೂ ಲೆಸ್ ಇದೆ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಫ್ಯೂಅರ್ ಚೆಂದ ಅಂತ ತನ್ನ ಇಷ್ಟ ಹೇಳಿದ. ಆಮೇಲಿನವರು ಅದನ್ನೇ ನಿಯಮ ಮಾಡಿಕೊಂಡು ಕೂತರು.

ಗದಗ ಪ್ರೆಸ್‌ವಾಲಾ: ಆ ರಾಜ ನನ್ನ ಪ್ಲೇಟಿನ ದುಡ್ಡು ಕೊಡುತ್ತಾನಾ?

ನವನಗರದ ಅಕ್ಕ: ವಾಕರ್ ಸರ್, ಪರೀಕ್ಷೆಯಲ್ಲಿ ನಿಮ್ಮ ಆಲ್ಫ್ರೆಡ್ ನಡೆಯೋದಿಲ್ಲ. ಬ್ರಿಟನ್ನಿನ ಟೆಸ್ಕೊ ಅಂಗಡಿಯವರೇ 2008ರಲ್ಲಿ ‘10 ಐಟಮ್ಸ್ ಆರ್ ಲೆಸ್’ ಬೋರ್ಡ್ ಬಿಟ್ಟು ‘ಅಪ್ ಟು 10 ಐಟಮ್ಸ್’ ಅಂತ ಬದಲಾಯಿಸಲು ಹೊರಟರು.

ಕೆಲಗೇರಿ ವಾಕರ್: ಹೌದಾ? ಹುಬ್ಬಳ್ಳಿ ಧಾರವಾಡದಿಂದ ‘ಫ್ಯೂಅರ್ ದ್ಯಾನ್ 25 ಕಿಲೋಮೀಟರ್ಸ್’ ಅಂತೀರಾ? ದೂರ, ದುಡ್ಡು, ಸಮಯ ಬಂದರೆ ಅಂಕಿ ಇದ್ದರೂ ಲೆಸ್ಸೇ. ನಿಮ್ಮ ಸರ್ ಅದನ್ನು ಹೇಳಿಕೊಡಲಿಲ್ಲವೇನೋ.

ನವನಗರದ ಅಕ್ಕ: ನಮ್ಮ ಸರ್ ಸುದ್ದಿಗೆ ಬರಬೇಡಿ. ನಿಮ್ಮದು ಯಾವ ಪರೀಕ್ಷೆ ಪಾಸಾಗಿದೆ, ಅದನ್ನು ಹೇಳಿ ಮೊದಲು.

ಸಪ್ತಾಪುರ ರೂಮ್‌ಮೇಟ್: ಏಲಕ್ಕಿ ಅಣ್ಣಾ, ಆ 5,500ರ ಪಿಜಿ ಎಲ್ಲಿ? ಊಟ ಸೇರಿ ಅಷ್ಟೇನಾ?

ಹಾವೇರಿ ಏಲಕ್ಕಿ: ಊಟ ಇಲ್ಲ. ಬಿಸಿನೀರಿಗೆ 300 ಬೇರೆ. ಡಿಪಾಸಿಟ್ಟಿನದು ಕೇಳಬೇಡ, ಅದು ಇನ್ನೊಂದು ರಾಮಾಯಣ.